ಎಡಚನ ವೇಷ

ನಾನು ಮದುವೆಯಾದದ್ದು ಒಬ್ಬರನ್ನು, ಸಂಸಾರ ಮಾಡಿದ್ದು ಒಂದು ಪಟಾಲಂ ಜೊತೆ. ಹೀಗೆಂದರೆ ಕೇಳಿದವರು ಕಿವಿ ಮುಚ್ಚಿಕೊಂಡಾರು. ಆದರೆ ನಮ್ಮನೆಯವರ ಕೆಲಸವೇ ಅಂಥದ್ದು. ಬಾಕ್ಸಿಂಗ್ ಚಾಂಪಿಯನ್ ಒಬ್ಬನಿಗೆ ಅವರು ಅಭ್ಯಾಸದ ಜೊತೆಗಾರ. ಮುಂದಿನ ಪಂದ್ಯದ ಎದುರಾಳಿ ಯಾರೆಂದು ಗೊತ್ತಾದ ಕೂಡಲೇ ಅವನ ಆಟದ ಫಿಲ್ಮ್ ರೀಲು ತರಿಸಿ, ನೋಡಿ ನೋಡಿ, ಅವನೇ ಆಗಿಬಿಡುತ್ತಿದ್ದರು. ಅವನು ಹೊಡೆಯುವ ಹಾಗೆ ಹೊಡೆಯಬೇಕು, ಅವನು ತಪ್ಪು ಮಾಡುವ ಕಡೆ ತಪ್ಪು ಮಾಡಬೇಕು, ಕೊನೆಗೆ ಅವನು ಬೀಳಬೇಕಾದ ಹಾಗೆ ಬೀಳಬೇಕು. ಚಾಂಪಿಯನ್ ಅವರನ್ನು ಹೊಡೆದು ಹೊಡೆದು ಕೈ ಕುದುರಿಸಿಕೊಂಡು, ಆಮೇಲೆ ನಿಜವಾದವನನ್ನು ಹೊಡೆಯಲು ಹೋಗುತ್ತಿದ್ದ.

ಊರೆಲ್ಲ ಆ ಚಾಂಪಿಯನ್ನನಿಗೆ ಬಹುವಚನ ಕೊಡುತ್ತದೆ. ನಾನು ಕೊಡುವುದಿಲ್ಲ. ಅವನು ಹೋದ, ನಮ್ಮವರೂ ಹೋದರು, ನನ್ನ ಬಾಯಿಗೆ ಇನ್ನು ಬೀಗ ಯಾಕೆ? ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ನನಗೆ ನಾಚಿಕೆಯೂ ಇಲ್ಲ. ಯಾಕೆ ಸುಮ್ಮನಿದ್ದೆ ಎಂಬುದು ಕೊನೆಯವರೆಗೆ ಕೇಳಿದರೆ ಗೊತ್ತಾಗುತ್ತದೆ.

ನಮ್ಮವರು ಮೊದಲು ಸಾಬೂನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಿದ್ದರು. ಕೆಲಸ ಬಿಟ್ಟ ಮೇಲೆ ಜಿಮ್ಮಿನ ಕಿಟಕಿಗೆ ಮೂಗು ಒತ್ತಿ ನಿಲ್ಲುವುದು ಅವರ ಚಟ. ಒಂದು ಸಂಜೆ ಅಂಗಳದಲ್ಲಿ ಗೆಳೆಯರನ್ನು ನಗಿಸಲು ಒಳಗಿದ್ದ ಬಾಕ್ಸರುಗಳನ್ನೆಲ್ಲ ಒಬ್ಬೊಬ್ಬರಾಗಿ ಆಡಿ ತೋರಿಸುತ್ತಿದ್ದಾಗ ಹಿಂದೆ ಕೋಚ್ ನಿಂತಿದ್ದರಂತೆ. ಬೈಯುತ್ತಾರೆ ಅಂದುಕೊಂಡರೆ, ಒಳಗೆ ಕರೆದು ಗ್ಲೌಸ್ ತೊಡಿಸಿದರು. ಅಂದಿನಿಂದ ಅವರ ಹೆಸರು ನಕಲಿ. ಪಡಿತರದ ಅಂಗಡಿಯವನೂ ಅದೇ ಹೆಸರಲ್ಲಿ ಕರೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ಅವರು ಮಾತ್ರ ಹಲ್ಲು ಬಿಟ್ಟುಕೊಂಡು ಓಗೊಡುತ್ತಿದ್ದರು.

ಮನೆಯಲ್ಲಿ ನನ್ನ ಪಾಡು ಕೇಳಿ. ಒಂದು ಪಂದ್ಯದ ಕಾಲಕ್ಕೆ ಬಾತುಕೋಳಿಯ ಹಾಗೆ ನಡೆಯುವವರೊಬ್ಬರು ಅಡುಗೆಮನೆಗೆ ಬರುತ್ತಿದ್ದರು. ಇನ್ನೊಂದಕ್ಕೆ ಮಾತುಮಾತಿಗೂ ಮೂಗು ಸೀಟುವವರು. ಮತ್ತೊಬ್ಬನಿದ್ದ, ಸದಾ ಗಲ್ಲವನ್ನು ಹೆಗಲಲ್ಲಿ ಹುದುಗಿಸಿಕೊಂಡು ಓರೆಗಣ್ಣಲ್ಲಿ ನೋಡುವವನು. ಆ ಸಲವಂತೂ ಅನ್ನ ಬಡಿಸುವಾಗ ನನಗೇ ಅನುಮಾನ, ಇವರೇನಾದರೂ ಕದ್ದಿದ್ದಾರಾ ಎಂದು. "ಏನ್ರೀ, ಹೊಸ ಯಜಮಾನ್ರು ಬಂದ ಹಾಗಿದೆ?" ಎಂದು ಕಿಚಾಯಿಸುತ್ತಿದ್ದೆ. "ಸುಮ್ನಿರೇ, ಈಗಷ್ಟೇ ಮೈಗೆ ಹತ್ತಿದ್ದಾನೆ, ಓಡಿಸ್ಬೇಡ" ಎನ್ನುತ್ತಿದ್ದರು. ಪಂದ್ಯ ಮುಗಿದ ಮೇಲೆ ಕೆಲವು ದಿನ ಯಾರೂ ಅಲ್ಲದವರ ಹಾಗೆ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಆ ದಿನಗಳು ನನಗೆ ಹಿಡಿಸುತ್ತಿರಲಿಲ್ಲ. ಅಷ್ಟರಲ್ಲಿ ಇನ್ನೊಬ್ಬನ ರೀಲು ಬರುತ್ತಿತ್ತು.

ಚಾಂಪಿಯನ್ನನಿಗೆ ಒಂದು ಹಟವಿತ್ತು. ಎದುರಾಳಿಯ ರೀಲನ್ನು ಅವನು ಯಾವತ್ತೂ ನೋಡುತ್ತಿರಲಿಲ್ಲ. "ಗೋಡೆ ಮೇಲಿನ ಮನುಷ್ಯ ನನ್ನ ಹೊಡಿಯಲ್ಲ. ನಕಲಿ ನೋಡ್ಲಿ, ನಾನು ನಕಲೀನ ನೋಡ್ತೀನಿ" ಎನ್ನುತ್ತಿದ್ದ. ಹಾಗಾಗಿ ಜಿಮ್ಮಿನ ಹಿಂದಿನ ಉಗ್ರಾಣದಲ್ಲಿ, ಹರಿದ ಮೂಟೆಗಳ ನಡುವೆ, ಹಳೆಯ ಪ್ರೊಜೆಕ್ಟರ್ ಇಟ್ಟುಕೊಂಡು ನಮ್ಮವರೊಬ್ಬರೇ ನೋಡುತ್ತಿದ್ದರು. ಅವರಿಗೂ ಒಂದು ಹಟ. ರೀಲಿನಲ್ಲಿ ಆ ಒಬ್ಬನನ್ನು ಬಿಟ್ಟು ಬೇರೆ ಯಾರ ಮೇಲೂ ಕಣ್ಣು ಹಾಯಿಸುವುದಿಲ್ಲ, ರೆಫರಿಯ ಮೇಲೂ ಇಲ್ಲ, ಜನರ ಮೇಲೂ ಇಲ್ಲ. ನೋಡಿದರೆ ಅವರೂ ಮೈಗೆ ಅಂಟಿಕೊಳ್ಳುತ್ತಾರಂತೆ. ಇಬ್ಬರ ಹಟವೂ ಸೇರಿ ಏನು ಮಾಡಿತು ಎಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಚಾಂಪಿಯನ್ ಬೆಲ್ಟು ಅವನ ಸೊಂಟ ಬಿಟ್ಟು ಇಳಿಯದೆ ವರ್ಷಗಳು ಉರುಳಿದ ಮೇಲೆ ಎಡಚ ಎಂಬೊಬ್ಬ ಎದುರಾಳಿ ಹುಟ್ಟಿಕೊಂಡ. ಎಲ್ಲೋ ದೂರದವನು, ಎಡಗೈ ಆಟಗಾರ, ಇಲ್ಲಿ ಯಾರೂ ಅವನನ್ನು ಕಣ್ಣಾರೆ ಕಂಡಿರಲಿಲ್ಲ. ಅವನ ಆಟವನ್ನು ಯಾರೋ ಕೈಕ್ಯಾಮೆರಾದಲ್ಲಿ ತೆಗೆದ ಒಂದೇ ಒಂದು ರೀಲು ಬಂತು. ಅದನ್ನು ನೋಡಿ ಮನೆಗೆ ಬಂದ ದಿನ ನಮ್ಮವರ ಮುಖದಲ್ಲಿ ರಕ್ತವಿರಲಿಲ್ಲ.

"ಏನಾಯ್ತು?" ಎಂದೆ.

"ಅವನ ಕೈ ಕಾಣ್ಸೋದೇ ಇಲ್ಲ ಕಣೇ" ಎಂದರು. "ಹೊಡೆದಾದ್ಮೇಲೆ ಕಾಣ್ಸುತ್ತೆ."

ಆ ಕಾಲದಷ್ಟು ನಾನು ಅವರಿಗೆ ಇನ್ಯಾವತ್ತೂ ಹೆದರಿಲ್ಲ. ಊಟ ಬಿಟ್ಟರು, ಬಡಕಲಾದರು. ಅಂಗಳದಲ್ಲಿ ಕಲ್ಲಿನ ಗೋಡೆಗೆ ಮುಖಮಾಡಿ ನಿಂತು, ರಟ್ಟೆ ಸೋತು ನೆಲಕ್ಕೆ ಕೂರುವವರೆಗೆ ಗಾಳಿಗೆ ಹೊಡೆಯುತ್ತಿದ್ದರು. ಸಾಲದು, ಇನ್ನೂ ಸಾಲದು ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಒಂದು ದಿನ ನಾನು ಹೊಲಿಗೆ ಮೆಷಿನ್ ಮುಂದೆ ಕೂತಿದ್ದಾಗ ಮೇಜಿನ ತುದಿಯಿಂದ ಕತ್ತರಿ ಜಾರಿತು. ಅದು ನೆಲ ಮುಟ್ಟುವ ಮೊದಲೇ ಅವರ ಎಡಗೈಯಲ್ಲಿತ್ತು. ಅವರು ಬಾಗಿಲ ಬಳಿ ಇದ್ದವರು, ಯಾವಾಗ ಬಂದರೋ ನಾನು ಕಾಣೆ. ಕತ್ತರಿಯನ್ನು ನನ್ನ ಕೈಗೆ ಕೊಟ್ಟು ನೋಡಿದ ನೋಟ ನನ್ನ ಗಂಡನದಲ್ಲ. ಅಂದಿನಿಂದ ಅವರು ಹಿಂದಿನಿಂದ ಬಂದರೆ ನನಗೆ ಬೆನ್ನು ಜುಮ್ಮೆನ್ನುತ್ತಿತ್ತು.

ಪಂದ್ಯ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಜಿಮ್ಮಿಗೆ ಹೋದವರು ಹೊತ್ತಲ್ಲದ ಹೊತ್ತಿನಲ್ಲಿ ಮರಳಿ ಬಂದರು. ನೀರು ಕೊಟ್ಟರೆ ಲೋಟ ಪಕ್ಕಕ್ಕಿಟ್ಟರು.

"ಬಿದ್ರು" ಎಂದರು.

"ಯಾರು?"

"ಅಣ್ಣ. ಎಡಚ ಬೀಳ್ಸಿಬಿಟ್ಟ. ಏಳ್ಲೇ ಇಲ್ಲ ಕಣೇ, ನೀರು ಹಾಕಿ ಎಬ್ಬಿಸ್ಬೇಕಾಯ್ತು."

ಚಾಂಪಿಯನ್ನನನ್ನು ಅವರು ಅಣ್ಣ ಎನ್ನುತ್ತಿದ್ದರು. ಮತ್ತು ಗಮನಿಸಿ, ನಾನು ಬೀಳಿಸಿದೆ ಎನ್ನಲಿಲ್ಲ, ಎಡಚ ಬೀಳಿಸಿದ ಎಂದರು. ಅವರ ಲೆಕ್ಕದಲ್ಲಿ ಅವರು ಅಲ್ಲಿರಲೇ ಇಲ್ಲ. ಅಲ್ಲಿದ್ದವರು ಚಾಂಪಿಯನ್, ಕೋಚ್, ಇವರು, ಅಷ್ಟೇ. ಕೋಚ್ ಬಾಗಿಲು ಹಾಕಿ, ಮಾತು ಆಚೆ ಹೋಗಕೂಡದೆಂದು ಆಣೆ ಹಾಕಿಸಿದರಂತೆ. ಮಾರನೆಯ ದಿನ ಪತ್ರಿಕೆಯಲ್ಲಿ ಚಾಂಪಿಯನ್ನನ ಕೈಗೆ ಬಿಳಿ ಪಟ್ಟಿ ಸುತ್ತಿದ ಚಿತ್ರ ಬಂತು. ಮೂಳೆ ಮುರಿದಿದೆ, ಪಂದ್ಯ ರದ್ದು ಎಂದು ಬರೆದಿತ್ತು, ಮುರಿದದ್ದೇನೂ ಇರಲಿಲ್ಲ. ಮತ್ತೆ ಪಂದ್ಯ ಗೊತ್ತುಮಾಡುವ ಮೊದಲೇ ಎಡಚ ಯಾವುದೋ ಜ್ವರಕ್ಕೆ ಸತ್ತುಹೋದ. ಚಾಂಪಿಯನ್ ಅವನ ಹೆಸರಲ್ಲಿ ಹೂವಿನ ಹಾರ ಕಳಿಸಿದ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಅಲ್ಲಿಯವರೆಗೆ ಅಭ್ಯಾಸದಲ್ಲಿ ಕೈ ತಡೆದು ಹೊಡೆಯುತ್ತಿದ್ದ ಚಾಂಪಿಯನ್ ಆಮೇಲೆ ತಡೆಯುವುದನ್ನೇ ಬಿಟ್ಟ. ಇವರಿಗೆ ತಲೆಕವಚ ಬೇಡವೆಂದ. ಇವರು ಯಾರ ವೇಷದಲ್ಲಿ ನಿಂತರೂ ಅವನು ಹುಡುಕುತ್ತಿದ್ದದ್ದು ಎಡಚನನ್ನೇ. ಮೆತ್ತಗಿದ್ದರೆ ಮತ್ತೊಂದು ಗುದ್ದು ಅನ್ನುತ್ತಾರಲ್ಲ, ಅದನ್ನು ನಾನು ಗಾದೆಯಾಗಿ ಕಲಿಯಲಿಲ್ಲ, ಇವರ ಕಿವಿಯಲ್ಲಿ ಒಸರುವ ರಕ್ತ ಒರೆಸುತ್ತ ಕಲಿತೆ. "ಬಿಟ್ಬಿಡಿ ಈ ಕೆಲಸ" ಎಂದರೆ, "ಅಣ್ಣನಿಗೆ ನನ್ನ ಬಿಟ್ರೆ ಯಾರಿದ್ದಾರೆ?" ಎನ್ನುತ್ತಿದ್ದರು. ತಲೆ ಗಟ್ಟಿಯಿದೆ ಅಂತ ಬಂಡೆ ಹಾಯುವವರಿಗೆ ಏನು ಹೇಳುವುದು?

ಚಾಂಪಿಯನ್ ಸೋಲದೆಯೇ ಬೆಲ್ಟು ಬಿಚ್ಚಿಟ್ಟು ನಿವೃತ್ತನಾದ. ಇವರೂ ಮನೆಗೆ ಬಂದರು. ವಯಸ್ಸಾಗುತ್ತ ಕೈ ನಡುಗಿತು, ಮಾತು ತೊದಲಿತು. ನಿನ್ನೆಯದು ಇಂದಿಗೆ ನೆನಪಿಲ್ಲ, ಹಳೆಯದೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಕೆಲವೊಮ್ಮೆ ಕುರ್ಚಿಯಿಂದ ಎದ್ದವರು ಬಾತುಕೋಳಿಯ ಹಾಗೆ ನಡೆದು ಹೋಗುತ್ತಿದ್ದರು. ಡಾಕ್ಟರಮ್ಮ ತಲೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದರು. "ಬಾಗಿಲ ಚೌಕಟ್ಟಿಗೂ ತಲೆ ತಾಗದ ಹಾಗೆ ನೋಡ್ಕೊಳಿ. ಇನ್ನೊಂದು ಪೆಟ್ಟು ಬಿದ್ರೆ ಇವರು ಉಳಿಯೋದು ಕಷ್ಟ" ಎಂದರು. ಅಂದಿನಿಂದ ನನ್ನ ಬದುಕಿಗೆ ಒಂದೇ ಕೆಲಸ, ಆ ತಲೆ ಕಾಯುವುದು. ಮೇಜಿನ ಮೂಲೆಗಳಿಗೆಲ್ಲ ಹತ್ತಿ ತುಂಬಿ ಗವಸು ಹೊಲಿದು ಹಾಕಿದೆ.

ಹೀಗಿರುವಾಗ ಟೀವಿಯವರು ಒಂದು ಕಾರ್ಯಕ್ರಮ ಶುರುಮಾಡಿದರು. ಚಾಂಪಿಯನ್ನನ ಆಟದ ಜೀವನವನ್ನು ಐದು ಜನ ಪಂಡಿತರು ತೂಗಿ ನೋಡಿ, ಎಲ್ಲ ಕಾಲಕ್ಕೂ ಅವನೇ ದೊಡ್ಡವನೋ ಅಲ್ಲವೋ ಎಂದು ತೀರ್ಪು ಕೊಡುತ್ತಾರಂತೆ. ಊರಿಗೆ ಊರೇ ಅದನ್ನೇ ಜಗಿಯಿತು. ನಮ್ಮ ಪಕ್ಕದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವರು ಎದ್ದು ನಿಂತು ಜಗಳವಾಡುತ್ತಿದ್ದರು. ಇಷ್ಟು ವರ್ಷ ಬೆಲ್ಟು ಉಳಿಸಿಕೊಂಡವನು ಇನ್ಯಾರಿದ್ದಾನೆ ಎಂದು ಕೆಲವರು. ಎಡಚನ ಹೆಸರು ಕೇಳಿ ಕೈಗೆ ಪಟ್ಟಿ ಸುತ್ತಿಕೊಂಡ ಪುಕ್ಕಲ ಎಂದು ಉಳಿದವರು. ಎಲ್ಲ ವಾದವೂ ಆ ಒಂದು ಕಪ್ಪು ಕಲೆಗೇ ಬಂದು ನಿಲ್ಲುತ್ತಿತ್ತು. ನಮ್ಮವರು ಕನ್ನಡಿಯ ಮುಂದೆ ಕೂತು ಸುಮ್ಮನೆ ನಗುತ್ತಿದ್ದರು. ಕತ್ತಿ ಅವರ ಗಂಟಲ ಮೇಲಿದ್ದಾಗ ಎಲ್ಲಿ ಬಾಯಿ ಬಿಡುತ್ತಾರೋ ಎಂದು ನಾನು ಹೊಸ್ತಿಲಲ್ಲಿ ಜೀವ ಹಿಡಿದು ನಿಂತಿರುತ್ತಿದ್ದೆ.

ಒಂದು ದಿನ ಚಾಂಪಿಯನ್ನನೇ ನಮ್ಮ ಮನೆಗೆ ಬಂದ. ತಲೆ ನರೆತಿತ್ತು, ಮೈ ಇನ್ನೂ ಬಾಗಿಲು ತುಂಬುವಷ್ಟಿತ್ತು. ಚಪ್ಪಲಿ ಬಿಟ್ಟು, ಕೈ ಮುಗಿದು, ಮೆಲ್ಲಗೆ ಕೂತ. ಅತಿವಿನಯಂ ಧೂರ್ತಲಕ್ಷಣಂ ಎಂದು ನನ್ನ ಮನಸ್ಸು ಒಳಗೇ ಹೇಳಿತು.

"ತಂಗಿ, ಒಂದು ಉಪಕಾರ ಆಗ್ಬೇಕು" ಎಂದ. "ಹಳೇ ಜಿಮ್ಮಲ್ಲಿ ಚಿತ್ರೀಕರಣ ಇದೆ. ನಕಲಿ ಒಂದ್ಸಲ ಎಡಚ ಆಗಿ ರಿಂಗಲ್ಲಿ ನಿಲ್ಬೇಕು. ಎಡಚನ ಹೇಗೆ ಹೊಡೀತಿದ್ದೆ ಅಂತ ನಾನು ಜನಕ್ಕೆ ತೋರಿಸ್ತೀನಿ. ಬರೀ ಆಟಕ್ಕೆ."

"ನಿಮ್ಮ ಆಟದಲ್ಲೇ ಇವರು ಹೀಗಾಗಿರೋದು" ಎಂದೆ. "ಇನ್ನೊಂದು ಏಟು ಬಿದ್ರೆ ಹೋಗ್ತಾರೆ ಅಂತ ಡಾಕ್ಟ್ರು ಹೇಳಿದ್ದಾರೆ."

"ಮುಟ್ಟೋದೇ ಇಲ್ಲ ತಂಗಿ."

ಅವನು ನನ್ನ ಕಡೆ ನೋಡುತ್ತಿರಲಿಲ್ಲ, ಇವರ ಕೈಗಳನ್ನೇ ನೋಡುತ್ತಿದ್ದ. ಇವರೋ, ಆಗಲೇ ಎದ್ದು ನಿಂತಿದ್ದರು, ಎಡಗೈ ತಾನಾಗಿ ಹಿಂದೆ ಸರಿದಿತ್ತು. "ಯಾವತ್ತು ಬರ್ಲಿ, ಅಣ್ಣ?" ಎಂದರು. ಕೂಗಾಡಿದೆ, ಅತ್ತು ಕರೆದೆ, ಊಟ ಹಾಕುವುದಿಲ್ಲ ಎಂದೆ. ಅಣ್ಣ ಕರೆದ ಮೇಲೆ ಈ ತಂಗಿಯ ಮಾತು ಯಾರು ಕೇಳುತ್ತಾರೆ? ಕೊನೆಗೆ ನಾನೂ ಜೊತೆಗೆ ಹೊರಟೆ.

ಜಿಮ್ಮಿನಲ್ಲಿ ಹಳೆಯ ಬೆವರು, ತೊಗಲಿನ ವಾಸನೆ ಇನ್ನೂ ಹೋಗಿರಲಿಲ್ಲ. ರಿಂಗಿನ ಹಗ್ಗ ಜೋತುಬಿದ್ದಿತ್ತು. ಟೀವಿಯ ಹುಡುಗಿ ನಮ್ಮವರನ್ನು ಕೂರಿಸಿ, "ತಾತ, ನಿಮಗೆ ನೆನಪಾಗ್ಲಿ ಅಂತ ಎಡಚನ ರೀಲು ತಂದಿದ್ದೀವಿ, ಎಲ್ಲ ತೊಳೆದು ಸರಿ ಮಾಡಿದ್ದೀವಿ" ಎಂದು ಪರದೆ ಬೆಳಗಿಸಿದಳು. ಚಾಂಪಿಯನ್ ಇವರ ಕುರ್ಚಿಯ ಹಿಂದೆ ನಿಂತ. ಎಡಚನನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು.

ಪರದೆಯ ಮೇಲೆ ಒಬ್ಬ ಆಳು ಬಂದ. ಗಟ್ಟಿಮುಟ್ಟಾಗಿದ್ದ, ಚೆನ್ನಾಗಿಯೇ ಆಡುತ್ತಿದ್ದ. ಆದರೆ ಅವನ ಎಡಗೈ ಹೊರಟು, ನಡೆದು, ತಲುಪುವುದು ನನ್ನ ಕಣ್ಣಿಗೂ ಕಾಣುತ್ತಿತ್ತು.

ನಮ್ಮವರು ಹುಬ್ಬು ಗಂಟಿಕ್ಕಿದರು. "ಇದು ಅವನಲ್ಲ. ನಿಧಾನಕ್ಕೆ ಓಡಿಸ್ತಿದ್ದೀಯಮ್ಮ. ಸರಿಯಾಗಿ ಹಾಕು."

"ಇದೇ ಸರಿ ತಾತ" ಎಂದಳು ಹುಡುಗಿ. "ಅವತ್ತಿನ ಕೈಕ್ಯಾಮೆರಾದಲ್ಲಿ ತೆಗೆದಿದ್ದು ಇದು. ಮಾಮೂಲಿ ಪ್ರೊಜೆಕ್ಟರಿಗೆ ಹಾಕಿದ್ರೆ ಜೋರಾಗಿ ಓಡುತ್ತೆ. ಹಳೇ ಮೂಕಿ ಚಿತ್ರದಲ್ಲಿ ಜನ ಪಟಪಟ ಅಂತ ಓಡಾಡ್ತಾರಲ್ಲ, ಹಾಗೆ. ರೆಫರೀನ ನೋಡಿ, ಮಾಮೂಲಿ ನಡೀತಿದ್ದಾನೆ ಅಲ್ವಾ?"

ನಮ್ಮವರು ಆ ರೆಫರಿಯನ್ನು ಅಂದು ಮೊದಲ ಸಲ ನೋಡಿದರು.

ಆಗ ನನಗೆ ಹೊಳೆಯಿತು. ಉಗ್ರಾಣದ ಪ್ರೊಜೆಕ್ಟರ್ ತೋರಿಸಿದ್ದು ಇವನನ್ನಲ್ಲ. ಲೋಕದಲ್ಲಿ ಎಲ್ಲೂ ಇಲ್ಲದವನೊಬ್ಬನನ್ನು ಅದು ತೋರಿಸಿತ್ತು. ಇವರು ಅವನ ಸಮಕ್ಕೆ ಬರಬೇಕೆಂದು ಊಟ ಬಿಟ್ಟು, ಗೋಡೆಯ ಮುಂದೆ ಸಾಲದು ಸಾಲದು ಎನ್ನುತ್ತ, ಯಾರಿಗೂ ಸಾಧ್ಯವಿಲ್ಲದ್ದನ್ನು ಸಾಧಿಸಿಬಿಟ್ಟಿದ್ದರು. ತಿರುಗಿ ನೋಡಿದೆ. ಚಾಂಪಿಯನ್ನನ ಮುಖ ಬೂದಿಯಾಗಿತ್ತು. ಅವನಿಗೂ ಅರ್ಥವಾಗಿತ್ತು.

"ನೀವೆಲ್ಲ ಸ್ವಲ್ಪ ಹೊರಗಿರಿ" ಎಂದ ಟೀವಿಯವರಿಗೆ. ಅವರು ಹೋದ ಮೇಲೆ ತಾನೇ ಬಾಗಿಲು ಹಾಕಿ ಚಿಲಕ ಜಡಿದ. ನನ್ನನ್ನು ಹೋಗೆನ್ನಲಿಲ್ಲ. ನಾನು ಅಲ್ಲಿದ್ದೇನೆಂಬುದೇ ಅವನಿಗೆ ನೆನಪಿರಲಿಲ್ಲವೇನೋ.

"ಅವತ್ತು ನನ್ನ ಬೀಳ್ಸಿದ್ದು ಯಾರು?" ಎಂದು ಇವರನ್ನು ಕೇಳಿದ.

"ಎಡಚ, ಅಣ್ಣ."

"ಅಲ್ವೋ. ಇವನ ಕೈಲಿ ನನ್ನ ಕೂದ್ಲು ಕೊಂಕ್ಸೋಕೂ ಆಗ್ತಿರಲಿಲ್ಲ. ಬೀಳ್ಸಿದ್ದು ನೀನು."

"ನಾನಾ?" ಎಂದರು ಇವರು. ಆಮೇಲೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಸಂತೋಷಕ್ಕೆ ನನಗೆ ಅಳು ಬಂತು, ಭಯವೂ ಆಯಿತು, ಎರಡೂ ಒಟ್ಟಿಗೆ.

ಚಾಂಪಿಯನ್ ಇವರತ್ತ ಗ್ಲೌಸ್ ಎಸೆದ. "ಹಾಕ್ಕೋ. ಎಡಚ ಬೇಡ, ಯಾರೂ ಬೇಡ. ನೀನಾಗಿ ನಿಂತ್ಕೋ."

"ಮುಟ್ಟಲ್ಲ ಅಂದಿದ್ರಿ!" ಎಂದು ಕಿರುಚಿದೆ. ಯಾರೂ ತಿರುಗಿ ನೋಡಲಿಲ್ಲ. ಅವನು ತಾನೂ ಗ್ಲೌಸ್ ತೊಟ್ಟು ರಿಂಗ್ ಹತ್ತಿದ, ಇವರು ಹಗ್ಗ ಎತ್ತಿ ಒಳಗೆ ಹೋದರು. ಅಲ್ಲಿ ನಿಂತರು ನೋಡಿ, ನಡುಕ ನಿಂತುಹೋಯಿತು. ಎಡಗಾಲು ಸ್ವಲ್ಪ ಮುಂದೆ, ಮೊಣಕೈ ಪಕ್ಕೆಗೆ, ಗಲ್ಲ ತಗ್ಗಿಸದೆ ನೇರ ನೋಟ. ಅವರ ಮೈಗೆ ಬಂದಿದ್ದ ಎಲ್ಲರನ್ನೂ ನಾನು ಬಲ್ಲೆ, ಎಲ್ಲರಿಗೂ ಅನ್ನ ಬಡಿಸಿದ್ದೇನೆ. ಈ ನಿಲುವು ಅವರಲ್ಲಿ ಯಾರದೂ ಅಲ್ಲ. ನನ್ನ ಗಂಡನನ್ನು ನಾನು ಆವತ್ತು ಮೊದಲ ಸಲ ಕಂಡೆ. ಮತ್ತು ಇನ್ನೊಂದನ್ನೂ ಕಂಡೆ. ಚಾಂಪಿಯನ್ನನ ಹಿಂಗಾಲು ಅರ್ಧ ಹೆಜ್ಜೆ ಹಿಂದೆ ಸರಿಯಿತು.

ಅಷ್ಟು ಸಾಕಾಯಿತು ನನಗೆ. ಸೀರೆ ಎತ್ತಿ ಕಟ್ಟಿ ಹಗ್ಗದಡಿ ನುಸುಳಿ ಇಬ್ಬರ ನಡುವೆ ನಿಂತೆ.

"ನಿಮಗೆ ಬೇಕಾಗಿರೋದು ಹೆಸರು ತಾನೆ? ಇಟ್ಕೊಳಿ" ಎಂದೆ ಅವನಿಗೆ. "ಕೈ ಮುರಿದಿತ್ತು ಅಂತಾನೇ ಇರ್ಲಿ. ಈ ರೀಲು ನೋಡಿದ್ಮೇಲೆ ಆ ಐದು ಜನಾನೂ ನಂಬ್ತಾರೆ. ನನ್ನ ಬಾಯಿಂದ ಒಂದು ಮಾತು ಬರಲ್ಲ. ನನಗೆ ಇವರ ತಲೆ ಬಿಟ್ಕೊಡಿ."

"ಇವನ ಬಾಯಿ?"

"ಇವರಿಗೆ ನಾಳೆ ಬೆಳಿಗ್ಗೆ ನೆನಪಿರಲ್ಲ."

"ಲೇ, ಕೆಳಗಿಳಿಯೇ" ಎಂದರು ಇವರು ನನ್ನ ಬೆನ್ನ ಹಿಂದೆ. "ಇದು ನನ್ನ ಆಟ."

ಜನ್ಮದಲ್ಲಿ ಮೊದಲ ಸಲ ನನ್ನ ಆಟ ಎಂಬ ಮಾತು ಅವರ ಬಾಯಲ್ಲಿ ಬಂದಿತ್ತು. ನಾನು ಇಳಿಯಲಿಲ್ಲ. ಚಾಂಪಿಯನ್ ನನ್ನ ಭುಜದ ಮೇಲಿಂದ ಇವರನ್ನು ನೋಡಿದ. ಆಮೇಲೆ ಹಲ್ಲಿನಿಂದ ಗ್ಲೌಸಿನ ದಾರ ಬಿಚ್ಚಿದ.

"ಒಂದು ಮಾತು ಆಚೆ ಬಂದ್ರೂ ನಾನು ಮನೆಗೆ ಬರ್ತೀನಿ ತಂಗಿ" ಎಂದ ಮೆಲ್ಲಗೆ. "ನಾನು ಕರೆದ್ರೆ ಇವನು ಎದ್ದು ಬಂದೇ ಬರ್ತಾನೆ. ನಿಂಗೇ ಗೊತ್ತು."

ಗೊತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಆದರೆ ಹಾವು ಮನೆಯ ದಾರಿ ನೋಡಿಕೊಂಡಿತ್ತು. ನಕಲಿಗೆ ಮೈ ಸರಿಯಿಲ್ಲ, ರೀಲೊಂದೇ ಸಾಕು ಎಂದು ಟೀವಿಯವರಿಗೆ ಹೇಳಿ ಅವನು ನಮ್ಮನ್ನು ಕಳಿಸಿದ. ಬಸ್ಸಿನಲ್ಲಿ ಬರುವಾಗ ಇವರ ಬಾಯಿಗೆ ತಡೆಯಿರಲಿಲ್ಲ. "ನಾನೇ ಕಣೇ, ನಾನೇ ಬೀಳ್ಸಿದ್ದು" ಎಂದು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಪಕ್ಕದ ಸೀಟಿನವನಿಗೂ ಹೇಳಹೊರಟರು. ನಾನು ಅವನ ಕಡೆ ನೋಡಿ, ಇವರಿಗೆ ತಲೆ ನೆಟ್ಟಗಿಲ್ಲ ಎಂದು ಬೆರಳು ತಿರುಗಿಸಿ ಸನ್ನೆ ಮಾಡಿದೆ. ಅವನು ಅಯ್ಯೋ ಪಾಪ ಎಂದ. ಮಾರನೆಯ ಬೆಳಿಗ್ಗೆ ಎದ್ದು ಇವರು ಹಲ್ಲುಜ್ಜಲು ಹೋದಾಗ ನೋಡಿದೆ, ಬಾತುಕೋಳಿಯ ನಡಿಗೆ. ಎಲ್ಲ ಅಳಿಸಿಹೋಗಿತ್ತು.

ತೀರ್ಪಿನ ದಿನ ಸಂಜೆ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಕಲಿಯ ಮನೆಯಲ್ಲೇ ನೋಡಬೇಕೆಂದು ಕ್ಷೌರದಂಗಡಿಯವನು ಗಿರಾಕಿಗಳನ್ನೂ ಕಟ್ಟಿಕೊಂಡು ಬಂದಿದ್ದ. ಟೀವಿಯಲ್ಲಿ ಎಡಚನ ರೀಲು ತೋರಿಸಿದರು. ಪಂಡಿತರು ನಕ್ಕರು. ಈ ಆಮೆಗೆ ಯಾರಾದರೂ ಹೆದರುತ್ತಾರೆಯೇ, ಕೈ ಮುರಿದದ್ದೇ ನಿಜ, ಚಾಂಪಿಯನ್ನರನ್ನು ಒಬ್ಬನೂ ಕೆಡವಿದ್ದಿಲ್ಲ, ಎಲ್ಲ ಕಾಲಕ್ಕೂ ಅವರೇ ದೊಡ್ಡವರು ಎಂದು ಐವರೂ ಒಂದೇ ಮಾತು ಹೇಳಿದರು. ಇದ್ದ ಒಂದು ಕಲೆಯೂ ತೊಳೆದುಹೋಯಿತು.

ನಮ್ಮವರು ಹುಬ್ಬು ಗಂಟಿಕ್ಕಿಕೊಂಡು ಪರದೆಯನ್ನೇ ನೋಡುತ್ತಿದ್ದರು.

"ಇವನಲ್ಲ ಕಣೇ" ಎಂದರು ಎಲ್ಲರಿಗೂ ಕೇಳುವ ಹಾಗೆ. "ಇವನ ಕೈಲಿ ಆಗಲ್ಲ. ಹಾಗಾದ್ರೆ ಅವತ್ತು ಅಣ್ಣನ್ನ ಬೀಳ್ಸಿದ್ದು ಯಾರೇ?"

ಕ್ಷೌರದಂಗಡಿಯವನ ಬಾಯಿ ಅಂದರೆ ಊರ ಹೆಬ್ಬಾಗಿಲು. ಅವನು ಕತ್ತು ಮುಂದೆ ಚಾಚಿ, ನನ್ನ ಮುಖವನ್ನೇ ನೋಡಿದ. ಇವರೂ ನನ್ನ ಮುಖವನ್ನೇ ನೋಡುತ್ತಿದ್ದರು, ನಾನು ಹೇಳಿದ್ದನ್ನು ನಂಬಲು ತಯಾರಾಗಿ.

"ಯಾರೂ ಬೀಳ್ಸಿಲ್ಲ ರೀ" ಎಂದೆ. "ಅಣ್ಣ ಯಾವತ್ತೂ ಬಿದ್ದೇ ಇಲ್ಲ. ನಿಮಗೆಲ್ಲೋ ಕನಸು."

"ಹೌದಾ?" ಎಂದರು. "ಹೌದು, ಇರ್ಬೇಕು. ಅಣ್ಣನ್ನ ಯಾರು ಬೀಳ್ಸ್ತಾರೆ?"

ಟೀವಿಯಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇವರೂ ಕುರ್ಚಿ ಹಿಡಿದು ಎದ್ದು, ನಡುಗುವ ಕೈಗಳಿಂದ, ನಮ್ಮ ಮನೆಯಲ್ಲಿದ್ದ ಎಲ್ಲರಿಗಿಂತ ಜೋರಾಗಿ ತಟ್ಟಿದರು.